ಪೊಕೆಮಾನ್ ಗೋ: ಒಂದು ಮೀನಿಗೆ 400 ಕ್ಯಾಂಡಿ

ಫೋನ್ ಹಿಡಿದು ಊರು ಸುತ್ತುತ್ತಾ, ಪರದೆಯಲ್ಲಿ ಕಾಣಿಸುವ ಪೊಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿಯುವ ಈ ಆಟ ಬೇರೆ ಕೆಲವು ದೇಶಗಳಿಗೆ 2016ರ ಜುಲೈನಲ್ಲೇ ಬಂದಿತ್ತು. ನಮಗೆ ಜಿಯೋ ಜೊತೆ ಸೇರಿ ಡಿಸೆಂಬರ್ 14ಕ್ಕೆ ಬಂತು. ಅವತ್ತೇ ಹಾಕಿಕೊಂಡೆ. ಆಫೀಸಿನಲ್ಲಿ ಅರ್ಧ ಜನ ಆಡುತ್ತಿದ್ದರು, ಸಂಕ್ರಾಂತಿ ಹೊತ್ತಿಗೆ ಎಲ್ಲರಿಗೂ ಬೇಜಾರಾಗಿತ್ತು. ನಾನು ಉಳಿದದ್ದು ಒಂದು ಮೀನಿನ ದೆಸೆಯಿಂದ.

ಮ್ಯಾಜಿಕಾರ್ಪ್ ಅಂತ ಅದರ ಹೆಸರು. ಕೆಂಪು ಮೈ, ಹಳದಿ ಮೀಸೆ. ದಡಕ್ಕೆ ಬಿದ್ದ ಮೀನಿನ ಹಾಗೆ ಪಟಪಟ ಒದ್ದಾಡುವುದು ಬಿಟ್ಟರೆ ಏನೂ ಬರುವುದಿಲ್ಲ. ಆ ಒದ್ದಾಟಕ್ಕೆ ಸ್ಪ್ಲಾಶ್ ಅಂತ ಹೆಸರು ಬೇರೆ. ಎದುರಾಳಿಗೆ ಒಂದು ಚೂರೂ ತಾಗುವುದಿಲ್ಲ. ಆದರೆ ಇದೇ ಇವಾಲ್ವ್ ಆದರೆ, ಅಂದರೆ ಬೆಳೆದು ಬೇರೆ ರೂಪ ತಾಳಿದರೆ, ಗ್ಯಾರಡೋಸ್, ಬಾಯಿ ತೆರೆದು ನಿಂತ ನೀಲಿ ಹಾವಿನಂಥ ದೈತ್ಯ. ಹಳೆಯ ಗೇಮ್‌ಬಾಯ್ ಆಟಗಳಲ್ಲಿ ಲೆವೆಲ್ 20 ಮುಟ್ಟಿಸಿದರೆ ಸಾಕಿತ್ತು. ಇಲ್ಲಿ ಅದಕ್ಕೆ 400 ಕ್ಯಾಂಡಿ, ಅಂದರೆ ಆಟದೊಳಗಿನ ಮಿಠಾಯಿ, ಕೂಡಿಡಬೇಕು. ಪಿಜಿ ಅನ್ನುವ ಹಕ್ಕಿಗೆ 12, ಈವಿ ಅನ್ನುವ ಇನ್ನೊಂದು ಪ್ರಾಣಿಗೆ 25 ಸಾಕು ಅಂದರೆ ಈ 400 ಎಷ್ಟು ಅಂತ ಅಂದಾಜಾಗುತ್ತೆ, ಅಲ್ವಾ?

ಲೆಕ್ಕ ಹೀಗಿದೆ. ಒಂದು ಮೀನು ಹಿಡಿದರೆ 3 ಕ್ಯಾಂಡಿ. ಅದನ್ನು ಆಟದಲ್ಲಿರುವ ಪ್ರೊಫೆಸರ್‌ಗೆ ಕಳಿಸಿಬಿಟ್ಟರೆ ಇನ್ನೊಂದು. ಅಂದರೆ ನೂರು ಮೀನು. 2017ರ ಫೆಬ್ರವರಿಯಲ್ಲಿ ಪೈನಾಪ್ ಬೆರಿ ಅನ್ನುವ ಹಣ್ಣು ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಅದನ್ನು ತಿನ್ನಿಸಿ ಹಿಡಿದರೆ 3ರ ಬದಲು 6.

ನೀರಿನ ಜಾತಿಯವು ನೀರಿನ ಹತ್ತಿರ ಜಾಸ್ತಿ ಕಾಣಿಸಿಕೊಳ್ಳುತ್ತವೆ. ನನ್ನ ಮನೆ ಮಲ್ಲೇಶ್ವರದಲ್ಲಿ, ಹತ್ತಿರದ ನೀರು ಅಂದರೆ ಸ್ಯಾಂಕಿ ಕೆರೆ. ಬೆಳಿಗ್ಗೆ ಆರಕ್ಕೆ ಫೋನ್ ಹಿಡಿದುಕೊಂಡು ಹೊರಡುವುದು, ಸುತ್ತು ಹಾಕುವುದು. ವಾಕಿಂಗ್ ಬರುವ ಒಬ್ಬ ಹಿರಿಯರು ವಾರಗಟ್ಟಲೆ ನನ್ನನ್ನು ಗಮನಿಸಿ ಒಂದು ದಿನ ಕೇಳಿಯೇಬಿಟ್ಟರು.

'ಏನಪ್ಪಾ, ದಿನಾ ನಿಂತು ನಿಂತು ಏನು ನೋಡ್ತೀಯ?'

'ಮೀನು ಹಿಡೀತಿದ್ದೀನಿ ಸಾರ್.'

ಕೆರೆ ಕಡೆ ನೋಡಿದರು, ನನ್ನ ಕೈ ನೋಡಿದರು. 'ಗಾಳ ಎಲ್ಲಿ?' ಅಂದರು.

ಗಾಳ ಅಂದರೆ ಇಲ್ಲಿ ಬೆರಳು. ಮೀನು ಹಿಡಿಯಲು ಎಸೆಯುವ ಚೆಂಡನ್ನು ಪರದೆಯ ಮೇಲೆ ಒತ್ತಿ ಹಿಡಿದರೆ ಅದರ ಸುತ್ತ ಒಂದು ಬಣ್ಣದ ಉಂಗುರ ಕುಗ್ಗುತ್ತಾ ಬರುತ್ತದೆ. ಮ್ಯಾಜಿಕಾರ್ಪ್‌ಗೆ ಹಸಿರು, ಅಂದರೆ ಸುಲಭ. ಗ್ಯಾರಡೋಸೇ ಎದುರಿಗೆ ಬಂದರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಾನು ಕಲಿತ ಉಪಾಯ ಹೇಳುತ್ತೇನೆ. ಉಂಗುರ ಚಿಕ್ಕದಾದಾಗ ಬೆರಳು ಬಿಟ್ಟುಬಿಡಿ, ಎಸೆಯಬೇಡಿ. ಅದು ಆ ಅಳತೆಯಲ್ಲೇ ನಿಂತಿರುತ್ತದೆ. ಪ್ರಾಣಿ ಎಗರುವವರೆಗೆ ಕಾಯಿರಿ. ಎಗರಿ ಇನ್ನೇನು ಕೆಳಗೆ ಬಂತು ಅನ್ನುವಾಗ ಚೆಂಡನ್ನು ಗಿರ್ರನೆ ತಿರುಗಿಸಿ, ಒಂದು ಪಕ್ಕದಿಂದ ಬಾಗಿಸಿ ಎಸೆಯಿರಿ. ಬಾಗಿಸಿ ಎಸೆದರೆ ಸಿಗುವ ಸಾಧ್ಯತೆಯೂ ಹೆಚ್ಚು. ಮೊದಲ ತಿಂಗಳು ನನ್ನ ಚೆಂಡೆಲ್ಲ ಎತ್ತೆತ್ತಲೋ ಹೋದವು. ಈಗ ಹತ್ತಕ್ಕೆ ಏಳು ಸರಿಯಾಗಿ ಬೀಳುತ್ತವೆ.

ಕ್ಯಾಂಡಿ ಸೇರಿಸಲು ಇನ್ನೊಂದು ದಾರಿ ಬಡ್ಡಿ. ಇಂಗ್ಲಿಷಿನಲ್ಲಿ ಗೆಳೆಯ ಅಂತ ಅರ್ಥ, ಆದರೆ ಕೆಲಸ ಮಾಡುವುದು ಥೇಟ್ ನಮ್ಮ ಬಡ್ಡಿಯ ಹಾಗೆ. ಮ್ಯಾಜಿಕಾರ್ಪನ್ನು ಬಡ್ಡಿ ಮಾಡಿಕೊಂಡರೆ ನಾವು ನಡೆದ ಕಿಲೋಮೀಟರಿಗೆ ಒಂದು ಕ್ಯಾಂಡಿ. ಆಗ ಆಟ ತೆರೆದೇ ಇರಬೇಕಿತ್ತು, ಫೋನ್ ಜೇಬಿಗೆ ಹೋದರೆ ನಡೆದದ್ದು ದಂಡ. 2018ರ ಕೊನೆಯಲ್ಲಿ, ಆಟ ಮುಚ್ಚಿದ್ದರೂ ನಡೆದದ್ದನ್ನು ಎಣಿಸುವ ಅಡ್ವೆಂಚರ್ ಸಿಂಕ್ ಬಂದ ಮೇಲೆ ಆ ಗೋಳು ತಪ್ಪಿತು. ಗಾಡಿಯಲ್ಲಿ ಹೋದರೆ ದೂರ ಲೆಕ್ಕಕ್ಕಿಲ್ಲ, ಗಂಟೆಗೆ ಸುಮಾರು 10 ಕಿಲೋಮೀಟರ್ ದಾಟಿದರೆ ಎಣಿಕೆ ನಿಲ್ಲುತ್ತದೆ. ಈ ನಿಯಮ ಮಾಡಿದವರು ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ನೋಡಿಲ್ಲ. ಬಸ್ಸಿನಲ್ಲಿ ಕೂತಲ್ಲೇ ನನಗೆ ಎಷ್ಟೋ ಕ್ಯಾಂಡಿ ಸಿಕ್ಕಿದೆ.

400 ತುಂಬಿದ್ದು 2017ರ ಜುಲೈನಲ್ಲಿ, ಜಡಿಮಳೆಯ ಒಂದು ಭಾನುವಾರ. ಕೂಡಿಟ್ಟ ಮೀನುಗಳಲ್ಲಿ ಯಾವುದನ್ನು ಇವಾಲ್ವ್ ಮಾಡುವುದು ಅಂತಲೇ ಅರ್ಧ ಗಂಟೆ ಕೂತೆ. ದಾಳಿ, ರಕ್ಷಣೆ, ತಾಳಿಕೆ ಮೂರಕ್ಕೂ 0ಯಿಂದ 15ರವರೆಗೆ ಹುಟ್ಟಿನಿಂದ ಬಂದ ಅಂಕ ಇರುತ್ತದೆ, ಇವಾಲ್ವ್ ಆದರೂ ಅದು ಬದಲಾಗುವುದಿಲ್ಲ. ಹೀಗಾಗಿ ಸಿಪಿ, ಅಂದರೆ ಒಟ್ಟು ಬಲದ ಅಂಕಿ, ದೊಡ್ಡದಿದೆ ಅಂತ ಸುಮ್ನೆ ಆರಿಸಬೇಡಿ. ನನ್ನದರ ಸಿಪಿ 187 ಇತ್ತು. ಬಟನ್ ಒತ್ತಿದೆ. ಮೀನು ಬೆಳ್ಳಗೆ ಹೊಳೆದು, ಉದ್ದವಾಗಿ, ಪರದೆ ತುಂಬಿಕೊಂಡಿತು. ಸಿಪಿ ಎರಡು ಸಾವಿರ ದಾಟಿತ್ತು. ಹೆಂಡತಿಯನ್ನು ಕೂಗಿ ತೋರಿಸಿದೆ. 'ಇದಕ್ಕಾ ಏಳು ತಿಂಗಳು?' ಅಂದಳು, ಒಲೆ ಮೇಲೆ ಹಾಲಿದೆ ಅಂತ ಹೋದಳು.

ಮಜಾ ಇಳಿದದ್ದು ಆಮೇಲೆ. ಇವಾಲ್ವ್ ಆದಾಗ ಹೊಡೆತ ಯಾವುದು ಸಿಗುತ್ತದೆ ಅನ್ನುವುದು ಲಾಟರಿ. ನನಗೆ ಬೈಟ್ ಬಂತು. ಗ್ಯಾರಡೋಸ್ ನೀರು ಮತ್ತು ಹಾರುವ ಜಾತಿ, ಬೈಟ್ ಕತ್ತಲೆ ಜಾತಿಯ ಹೊಡೆತ. ಸ್ವಂತ ಜಾತಿಯ ಹೊಡೆತಕ್ಕೆ ಸಿಗುವ 20 ಶೇಕಡಾ ಹೆಚ್ಚಳ ಇಲ್ಲ. ನನಗೆ ಬೇಕಿದ್ದದ್ದು ನೀರಿನ ಹೊಡೆತ ವಾಟರ್‌ಫಾಲ್. ಹಲವರು ಸೇರಿ ಒಂದು ದೊಡ್ಡ ಪೊಕೆಮಾನ್ ಎದುರಿಸುವ, ಆಗ ತಾನೇ ಶುರುವಾಗಿದ್ದ ರೇಡ್‌ಗಳಲ್ಲಿ ಗೆದ್ದು ಹೊಡೆತ ಬದಲಿಸುವ ಫಾಸ್ಟ್ ಟಿಎಂ ಸಂಪಾದಿಸಿ ಬದಲಾಯಿಸಬೇಕಾಯಿತು. ಇನ್ನೊಂದು ಮಾತು: ಕರೆಂಟ್ ಜಾತಿಯವುಗಳ ಮುಂದೆ ಇದನ್ನು ನಿಲ್ಲಿಸಬೇಡಿ, ಎರಡೇ ಏಟಿಗೆ ಮಕಾಡೆ ಮಲಗುತ್ತದೆ.

ಎಲ್ಲಕ್ಕೂ ಇಷ್ಟು ಕಷ್ಟ ಇಲ್ಲ. ಈವಿಗೆ ರೈನರ್ ಅಂತ ಹೆಸರಿಟ್ಟು ಇವಾಲ್ವ್ ಮಾಡಿದರೆ ನೀರಿನ ವೇಪೋರಿಯಾನ್ ಆಗುತ್ತದೆ, ಆದರೆ ಈ ಚಮತ್ಕಾರ ಒಂದೇ ಸಲ. ಹಾಂಟರ್ ಅನ್ನುವ ಭೂತ ಇವಾಲ್ವ್ ಆಗಲು 100 ಕ್ಯಾಂಡಿ ಬೇಕು. ಅದನ್ನೇ ಇನ್ನೊಬ್ಬರಿಂದ ಟ್ರೇಡ್‌ನಲ್ಲಿ ಪಡೆದರೆ ಸೊನ್ನೆ. ಅಕ್ಕನ ಮಗಳು ಅಡುಗೆಮನೆಯಲ್ಲಿ ನಿಂತು ತನ್ನ ಹಾಂಟರ್ ಕೊಟ್ಟಳು. 'ಮಾಮ, ಇದಕ್ಕೆ ಒಂದು ಮಸಾಲೆ ದೋಸೆ' ಅಂತ ವಸೂಲೂ ಮಾಡಿದಳು.

ಬೇಸರಗಳೂ ಇವೆ. ಹಿಡಿದದ್ದನ್ನು ಇಡುವ ಜಾಗ ಬೇಗ ತುಂಬುತ್ತದೆ, ಹೆಚ್ಚಿಸಲು ನಾಣ್ಯ ಬೇಕು. ಜಿಮ್ ಅನ್ನುವ ಆಟದ ಕಾಳಗದ ತಾಣದಲ್ಲಿ ನಮ್ಮ ಪೊಕೆಮಾನನ್ನು ಕಾವಲು ಕೂರಿಸಿ ನಾಣ್ಯ ಗಳಿಸಬಹುದು, ದಿನಕ್ಕೆ 50ರ ಮಿತಿ. ಬ್ಯಾಟರಿ ಖಾಲಿಯಾಗುವ ವೇಗ ಕೇಳಲೇಬೇಡಿ, ಪವರ್ ಬ್ಯಾಂಕ್ ಇಲ್ಲದೆ ಕಬ್ಬನ್ ಪಾರ್ಕಿಗೆ ಹೋಗುವುದು ದಂಡ. ನನ್ನ ಹಳೆ ಫೋನಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ, ರಿಪೇರಿ ಅಂಗಡಿಯವನು ಬೈದು ಕಳಿಸಿದ. 2023ರಲ್ಲಿ ಆಟಕ್ಕೆ ಹಿಂದಿ ಬಂತು. ಕನ್ನಡಕ್ಕೂ ಕಾಯುತ್ತಿದ್ದೇನೆ. 2025ರಲ್ಲಿ ಆಟ ಮಾಡಿದ ಕಂಪನಿ ನಿಯಾಂಟಿಕ್ ಇದನ್ನು ಸ್ಕೋಪ್ಲಿ ಅನ್ನುವ ಇನ್ನೊಂದು ಕಂಪನಿಗೆ ಮಾರಿತು. ಕೆರೆ ದಂಡೆಯಲ್ಲಿ ನನಗೇನೂ ವ್ಯತ್ಯಾಸ ಕಂಡಿಲ್ಲ.

ಅಂಕ 5ಕ್ಕೆ 4. ಈಗ ನನ್ನ ಬಡ್ಡಿ ವೈಲ್ಮರ್ ಅನ್ನುವ ಗುಂಡು ತಿಮಿಂಗಿಲ. ಅದಕ್ಕೂ 400 ಬೇಕು, 131 ಆಗಿದೆ. ಆ ಹಿರಿಯರು ಈಗಲೂ ಸಿಗುತ್ತಾರೆ. ನಿನ್ನೆ ತಿಮಿಂಗಿಲ ಅಂದೆ. ನಿಲ್ಲಲೇ ಇಲ್ಲ, 'ಸ್ಯಾಂಕಿಯಲ್ಲಿ ಜಾಗ ಸಾಲಲ್ಲ ಕಣಯ್ಯ' ಅಂದುಕೊಂಡು ಮುಂದೆ ಹೋದರು.