ಆಂಡ್ರಾಯ್ಡ್‌ನಿಂದ ಐಫೋನ್‌ಗೆ: ಕರಾವಳಿಯ ಮಳೆಗಾಲ ಕಂಡ ಮೇಲಿನ ವಿಮರ್ಶೆ

ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಬರಲಿ, ಆಗ ಆಂಡ್ರಾಯ್ಡ್ ಬಿಡೋಣ ಎಂದು ಕಾಯುತ್ತಿರುವವರು ಮಂಗಳೂರು, ಉಡುಪಿ ಕಡೆಯವರಾದರೆ ಕ್ಯಾಮೆರಾ, ಚಿಪ್‌ಗಳ ಲೆಕ್ಕ ಆಮೇಲೆ ಹಾಕಿ. ಮೊದಲು ನೋಡಬೇಕಾದದ್ದು ಫೋನಿನ ಕೆಳಗಿರುವ ಚಾರ್ಜಿಂಗ್ ಪೋರ್ಟ್. ಇಲ್ಲಿ ಹೇಳುತ್ತಿರುವುದು ಐಫೋನ್ 15ರ ಬಗ್ಗೆ. 2023ರಲ್ಲಿ ಯುಎಸ್‌ಬಿ-ಸಿ ಪೋರ್ಟಿನೊಂದಿಗೆ ಬಂದ ಮೊದಲ ಸಾಲಿನ ಐಫೋನ್ ಇದು.

ಖುಷಿ ಕೊಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೀನು ಮಾರ್ಕೆಟಿನಲ್ಲಿ ಕೈ ಒದ್ದೆಯಾಗಿರುತ್ತದೆ, ಬಸ್ಸಿನಲ್ಲಿ ಕೊಡೆಯ ನೀರು ಬೆರಳಿಗೆ ಇಳಿದಿರುತ್ತದೆ. ಒದ್ದೆ ಬೆರಳನ್ನು ಫಿಂಗರ್‌ಪ್ರಿಂಟ್ ಸೆನ್ಸರ್ ಸುಲಭಕ್ಕೆ ಒಪ್ಪುವುದಿಲ್ಲ. ಮುಖ ನೋಡಿ ಲಾಕ್ ತೆರೆಯುವ ಐಫೋನಿನ ಫೇಸ್ ಐಡಿಗೆ ಬೆರಳಿನ ಗೊಡವೆಯೇ ಇಲ್ಲ, ರೈನ್‌ಕೋಟಿನ ಟೋಪಿ ತಲೆಯ ಮೇಲಿದ್ದರೂ ಲಾಕ್ ತೆರೆಯುತ್ತದೆ. ಯುಪಿಐ ಪಿನ್ ಒತ್ತುವ ಮುಂಚೆ ಮಾತ್ರ ಸ್ಕ್ರೀನನ್ನು ಒಮ್ಮೆ ಒರೆಸಿಕೊಳ್ಳಿ, ನೀರಿನ ಹನಿ ಇದ್ದರೆ ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು ಆಗುತ್ತದೆ.

ಕನ್ನಡವೂ ಚೆನ್ನಾಗಿದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಕೀಬೋರ್ಡ್ ಫೋನಿನಲ್ಲೇ ಇದೆ. ಐಫೋನಿನ ಸಾಫ್ಟ್‌ವೇರ್ ಆದ ಐಓಎಸ್‌ನ 18.4 ಆವೃತ್ತಿಯಿಂದ ಇಡೀ ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಬಹುದು. ತುಳು, ಕೊಂಕಣಿ, ಬ್ಯಾರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವವರು ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್‌ಗೆ ಹೋಗಿ ಆಟೋ ಕರೆಕ್ಷನ್ ಆಫ್ ಮಾಡಲಿ. ಇಲ್ಲದಿದ್ದರೆ ತುಳುವಿನಲ್ಲಿ ‘ಎಂಚ ಉಲ್ಲರ್’ (ಹೇಗಿದ್ದೀರಿ) ಎಂದು ಬರೆದದ್ದು ಯಾವುದೋ ಇಂಗ್ಲಿಷ್ ಪದವಾಗಿ ಹೋಗುತ್ತದೆ.

ಇನ್ನು ಪೋರ್ಟ್. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತುಳುವರ ಆಟಿ ತಿಂಗಳು ಕಳೆಯುವವರೆಗೂ ಬಟ್ಟೆ ಒಣಗದ ಊರು ನಮ್ಮದು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಜೊತೆಗೆ ಉಪ್ಪುಗಾಳಿ. ಜೇಬಿನ ತೇವವೋ ಬೆವರೋ ಪೋರ್ಟಿನೊಳಗೆ ಸೇರಿದರೆ, ಕೇಬಲ್ ಸಿಕ್ಕಿಸಿದ ಕೂಡಲೇ ಒಳಗೆ ದ್ರವ ಇದೆ, ಚಾರ್ಜ್ ಮಾಡಲಾಗದು ಎಂಬ ಎಚ್ಚರಿಕೆ ಬರುತ್ತದೆ. ಬ್ಯಾಟರಿ ಕೆಂಪಾಗಿರುವ ರಾತ್ರಿ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದಾಗ ಇದು ವಿಪರೀತ ಕಿರಿಕಿರಿ. ದುಬಾರಿ ಫೋನ್ ಎಂದ ಮೇಲೆ ಇಷ್ಟಾದರೂ ಬೇಡವೇ ಎನಿಸುತ್ತದೆ.

ಎಚ್ಚರಿಕೆಯಲ್ಲಿ ಅರ್ಥವಿದೆ, ಅದನ್ನೂ ಹೇಳಬೇಕು. ಪಿನ್‌ಗಳ ಮಧ್ಯೆ ಉಪ್ಪಿನ ತೇವ ಇರುವಾಗ ಕರೆಂಟ್ ಹರಿದರೆ ಲೋಹ ತಿಂದುಹೋಗುತ್ತದೆ, ಹಸಿರು ಅಥವಾ ಕಪ್ಪು ಕಟ್ಟುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳೂ ಹೀಗೇ ತಡೆಯುತ್ತವೆ. ನೀರು, ಧೂಳು ತಡೆಯುವ ಮಟ್ಟ ಹೇಳುವ ಐಪಿ68 ಎಂಬ ಗುರುತನ್ನು ಮಾತ್ರ ಪೂರ್ತಿ ನಂಬಬೇಡಿ. ಆರು ಮೀಟರ್ ಆಳ, ಮೂವತ್ತು ನಿಮಿಷ ಎಂಬುದು ಪ್ರಯೋಗಾಲಯದ ಲೆಕ್ಕ, ಪಣಂಬೂರಿನ ಅಲೆಗೂ ಮಲ್ಪೆಯ ದೋಣಿಗೂ ಅದು ಅನ್ವಯಿಸದು. ಆ ರಕ್ಷಣೆ ಬಳಸುತ್ತಾ ಕಡಿಮೆಯಾಗುತ್ತದೆ, ನೀರಿನಿಂದಾದ ಹಾನಿ ಸಾಮಾನ್ಯ ವಾರಂಟಿಗೆ ಸೇರುವುದೂ ಇಲ್ಲ. ಸಿಮ್ ಟ್ರೇ ತೆಗೆದರೆ ಒಳಗೆ ಕಾಣುವ ಬಿಳಿ ಗುರುತು ನೀರು ತಾಗಿದರೆ ಕೆಂಪಾಗುತ್ತದೆ. ಹಳೆ ಫೋನ್ ಕೊಳ್ಳುವವರು ಅದನ್ನು ನೋಡದೆ ದುಡ್ಡು ಕೊಡಬಾರದು.

ಎಚ್ಚರಿಕೆ ಬಂದಾಗ ಕೇಬಲನ್ನು ಫೋನಿನಿಂದಲೂ ಅಡಾಪ್ಟರಿನಿಂದಲೂ ಬಿಡಿಸಿ. ಪೋರ್ಟ್ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಗಾಳಿಯಾಡುವಲ್ಲಿ ಇಡಿ. ಕನಿಷ್ಠ ಅರ್ಧ ಗಂಟೆ ಬಿಟ್ಟು ಮತ್ತೆ ಸಿಕ್ಕಿಸಿ ನೋಡಿ. ಪೂರ್ತಿ ಒಣಗಲು ಒಂದು ದಿನವೂ ಬೇಕಾಗಬಹುದು. ಹತ್ತಿ, ಟಿಶ್ಯೂ, ಕಡ್ಡಿ ತೂರಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಅಕ್ಕಿಯ ಡಬ್ಬಿಯಲ್ಲಿ ಹುಗಿಯುವುದಂತೂ ಬೇಡವೇ ಬೇಡ, ಅಕ್ಕಿಯ ಸಣ್ಣ ಕಣಗಳು ಫೋನನ್ನು ಕೆಡಿಸಬಹುದೆಂದು ಆಪಲ್ ಕೂಡ ಹೇಳಿದೆ. ‘ಎಮರ್ಜೆನ್ಸಿ ಓವರ್‌ರೈಡ್’ ಒತ್ತಿ ಚಾರ್ಜ್ ಮಾಡಬಹುದು, ಆದರೆ ಅದು ನಿಜವಾದ ತುರ್ತಿಗೆ ಮಾತ್ರ.

ಇದಕ್ಕೆಲ್ಲ ಸರಿಯಾದ ಮದ್ದು ವೈರ್‌ಲೆಸ್ ಚಾರ್ಜರ್. ಬೆನ್ನು ಒಣಗಿದ್ದರೆ ಸಾಕು, ಪೋರ್ಟ್ ಒದ್ದೆಯಿದ್ದರೂ ಫೋನ್ ಚಾರ್ಜ್ ಆಗುತ್ತದೆ. ಮಳೆಗಾಲದ ಸಂಜೆಯ ಕ್ರಮ ಹೀಗೆ: ಮನೆಗೆ ಬಂದ ಕೂಡಲೇ ಕವರ್ ಬಿಚ್ಚಿ, ಅದರ ಒಳಮೈ ಒರೆಸಿ ಬೇರೆ ಇಡುವುದು. ಕನ್ನಡಕ ಒರೆಸುವ ಬಟ್ಟೆಯಿಂದ ಫೋನಿನ ಬೆನ್ನು, ಅಂಚು, ಕ್ಯಾಮೆರಾ ಉಂಗುರದ ಸಂದು ಒರೆಸುವುದು. ಬೈರಾಸ್ (ಟವೆಲ್) ಬೇಡ, ಅದರ ನೂಲು ಪೋರ್ಟಿನಲ್ಲಿ ಉಳಿಯುತ್ತದೆ. ಅಂಗೈಗೆ ಎರಡು ತಟ್ಟು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು, ಆಮೇಲೆ ಆಯಸ್ಕಾಂತದಿಂದ ಅಂಟಿಕೊಳ್ಳುವ ಆಪಲ್‌ನ ವೈರ್‌ಲೆಸ್ ಚಾರ್ಜರ್ ಮ್ಯಾಗ್‌ಸೇಫ್ ಮೇಲೆ ಟಕ್ಕೆಂದು ಕೂರಿಸುವುದು. ಆಯಸ್ಕಾಂತ ಹಿಡಿಯುವ ಆ ಸದ್ದಿನಲ್ಲಿ ದಿನದ ಒಂದು ಕೆಲಸ ಮುಗಿದ ನೆಮ್ಮದಿಯಿದೆ. ಈ ಅಭ್ಯಾಸ ಕೂತ ಮೇಲೆ ಎಚ್ಚರಿಕೆಯ ಕಿರಿಕಿರಿ ಬಹುಪಾಲು ಮರೆತೇ ಹೋಯಿತು. ಏಪ್ರಿಲ್, ಮೇ ಸೆಕೆಯಲ್ಲಿ ಮಾತ್ರ ದಪ್ಪ ಕವರ್ ತೆಗೆದೇ ಚಾರ್ಜ್‌ಗೆ ಇಡಿ, ಫೋನ್ ಬಿಸಿಯಾದರೆ ಚಾರ್ಜ್ ಶೇ 80ರಲ್ಲೇ ನಿಂತುಬಿಡಬಹುದು. ಎರಚಲು ಬೀಳುವ ಕಿಟಕಿಯ ಪಕ್ಕ ಕೇಬಲ್ ನೇತುಬಿಡಬೇಡಿ, ಎಷ್ಟೋ ಸಲ ತೇವ ಇರುವುದು ಅದರ ತುದಿಯಲ್ಲೇ.

ಆಂಡ್ರಾಯ್ಡ್ ಬಿಡುವಾಗ ಎರಡು ಕಡೆ ಎಡವುವುದು ಸಾಮಾನ್ಯ. ಒಂದು ವಾಟ್ಸ್ಯಾಪ್. ಗೂಗಲ್ ಡ್ರೈವಿನ ಬ್ಯಾಕಪ್ ಐಫೋನಿಗೆ ಇಳಿಯುವುದಿಲ್ಲ. ಹೊಸ ಫೋನನ್ನು ಮೊದಲ ಸಲ ಸಿದ್ಧಪಡಿಸುವಾಗಲೇ ಹಳೆಯದರಲ್ಲಿ ‘ಮೂವ್ ಟು ಐಓಎಸ್’ ಆ್ಯಪ್ ತೆರೆದು, ವಾಟ್ಸ್ಯಾಪನ್ನು ಆರಿಸಿ ಸಾಗಿಸಬೇಕು. ಎರಡೂ ಫೋನ್ ಚಾರ್ಜಿಗೆ ಹಾಕಿರಬೇಕು, ಐಫೋನಿನಲ್ಲೂ ಅದೇ ನಂಬರ್ ಇರಬೇಕು. ಆತುರದಲ್ಲಿ ಸೆಟಪ್ ಮುಗಿಸಿದವರು ಈ ದಾರಿಗಾಗಿ ಫೋನನ್ನು ಪೂರ್ತಿ ಅಳಿಸಿ ಮೊದಲಿಂದ ಶುರುಮಾಡಬೇಕಾಗುತ್ತದೆ.

ಇನ್ನೊಂದು ಯುಪಿಐ. ನಂಬರ್ ಖಚಿತಪಡಿಸುವ ಎಸ್‌ಎಂಎಸ್ಸನ್ನು ಐಫೋನಿನಲ್ಲಿ ಆ್ಯಪ್ ತಾನಾಗಿ ಕಳಿಸಲಾರದು, ತೆರೆದ ಮೆಸೇಜನ್ನು ನಾವೇ ಕಳಿಸಬೇಕು, ಬ್ಯಾಂಕಿಗೆ ಕೊಟ್ಟ ಸಿಮ್ಮಿನಿಂದಲೇ. ಎರಡು ಸಿಮ್ ಇದ್ದರೆ ಮೆಸೇಜಿನ ಮೇಲ್ಭಾಗದಲ್ಲಿ ಯಾವ ನಂಬರ್ ಇದೆಯೆಂದು ನೋಡಿ. ಹೊಸ ಫೋನಿನಲ್ಲಿ ನೋಂದಾಯಿಸಿದ ಮೇಲೆ ಹಲವು ಬ್ಯಾಂಕುಗಳಲ್ಲಿ ಹಣ ಕಳಿಸಲು ₹5,000ದ ಮಿತಿ ಆಂಡ್ರಾಯ್ಡ್‌ಗೆ 24 ಗಂಟೆ, ಐಫೋನಿಗೆ 72 ಗಂಟೆ. ಮನೆಯಲ್ಲಿ ಮದುವೆಯೋ ಭೂತಕೋಲವೋ ಇರುವ ವಾರ ಫೋನ್ ಬದಲಿಸಬೇಡಿ.

ಬೆಲೆಯ ವಿಷಯಕ್ಕೆ ಬಂದರೆ, ಸೆಪ್ಟೆಂಬರ್‌ವರೆಗೆ ಕಾಯುವುದರ ನಿಜವಾದ ಲಾಭ ಹಿಂದಿನ ವರ್ಷದ ಮಾದರಿಯಲ್ಲಿದೆ. 2025ರಲ್ಲಿ ಐಫೋನ್ 17 ₹82,900ಕ್ಕೆ ಬಂದಾಗ, ₹79,900 ಇದ್ದ ಐಫೋನ್ 16 ₹69,900ಕ್ಕೆ ಇಳಿಯಿತು. ಉಳಿದ ಹಣದಲ್ಲಿ ಒಳ್ಳೆಯ ಮ್ಯಾಗ್‌ಸೇಫ್ ಚಾರ್ಜರ್ ಬರುತ್ತದೆ. ₹59,900ಕ್ಕೆ ಬಂದ 16ಇ ಅಗ್ಗವೆನಿಸಬಹುದು, ಆದರೆ ಅದರಲ್ಲಿ ಮ್ಯಾಗ್‌ಸೇಫ್ ಆಯಸ್ಕಾಂತವಿಲ್ಲ, ವೈರ್‌ಲೆಸ್ ಚಾರ್ಜಿಂಗ್ 7.5 ವಾಟ್ ಮಾತ್ರ. ಪ್ಯಾಡಿನ ಮೇಲೆ ಸ್ವಲ್ಪ ಸರಿದರೆ ಬೆಳಗ್ಗೆ ಚಾರ್ಜ್ ಆಗಿರುವುದೇ ಇಲ್ಲ. ಕರಾವಳಿಯವರಿಗೆ ಅದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ.