ರಿಫಾರ್ಮರ್ ಪಿಲಾಟಿಸ್ ಅಥವಾ ಜಿಮ್: ಯಾವುದಕ್ಕೆ ದುಡ್ಡು ಕಟ್ಟೋದು?

ಕಾರವಾರದಲ್ಲಿರಲಿ, ಶಿರಸಿಯಲ್ಲಿರಲಿ, ಜಿಮ್ ಸಿಗೋದು ಕಷ್ಟವಲ್ಲ. ಪಿಲಾಟಿಸ್ ಎಂಬ ವ್ಯಾಯಾಮ ಪದ್ಧತಿಯ ಯಂತ್ರವಾದ ರಿಫಾರ್ಮರ್ ಇರುವ ಜಾಗ ಹುಡುಕಬೇಕು. ಅದಕ್ಕಾಗಿ ಗೋವಾ ಕಡೆ ಹೋಗೋದಾದರೆ ದಾರಿಯ ಸಮಯವನ್ನೂ ಫೀಸಿನ ಜೊತೆ ಲೆಕ್ಕ ಹಾಕಿ.

ರಿಫಾರ್ಮರ್ ಅಂದರೆ ಮಂಚದಂಥ ಚೌಕಟ್ಟು. ಅದರ ಮೇಲೆ ಹಿಂದೆ ಮುಂದೆ ಜಾರುವ ಹಲಗೆ, ಅದನ್ನು ಎಳೆದು ಹಿಡಿಯುವ ಸ್ಪ್ರಿಂಗ್‌ಗಳು, ಕೈಕಾಲಿಗೆ ಪಟ್ಟಿ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ರೂಪಿಸಿದ ಯಂತ್ರ ಇದು. ತಮಾಷೆ ಏನೆಂದರೆ, ಸ್ಪ್ರಿಂಗ್ ಕಡಿಮೆ ಮಾಡಿದರೆ ಎಲ್ಲ ವ್ಯಾಯಾಮವೂ ಸುಲಭವಾಗುವುದಿಲ್ಲ. ಕೆಲವು ವ್ಯಾಯಾಮಗಳಲ್ಲಿ ಹಲಗೆ ಜಾರಿಹೋಗದಂತೆ ತಡೆಯಲು ಹೊಟ್ಟೆ, ಸೊಂಟದ ಸ್ನಾಯುಗಳು ಇನ್ನೂ ಜಾಸ್ತಿ ದುಡಿಯಬೇಕಾಗುತ್ತದೆ. ಮಂಡಿ ನೋವಿನವರು ಪೂರ್ತಿ ಮೈಭಾರ ಹಾಕದೆ, ಮಲಗಿಕೊಂಡೇ ಕಾಲಿನ ವ್ಯಾಯಾಮ ಮಾಡಬಹುದು. ಆದರೆ ಪಕ್ಕದಲ್ಲಿ ನಿಂತು ತಿದ್ದುವವರು ಬೇಕೇ ಬೇಕು. ಹಾಗಾಗಿಯೇ ಫೀಸೂ ಜಾಸ್ತಿ. ಇನ್ನು ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ವಾ? ಸ್ಪ್ರಿಂಗ್ ಯಾವಾಗ ಬದಲಿಸಿದ್ದು ಅಂತ ಸೇರುವ ಮೊದಲೇ ಕೇಳಿ.

ಬಲ ಹೆಚ್ಚಬೇಕು, ಸ್ನಾಯು ಬೆಳೆಯಬೇಕು ಅಂದರೆ ಜಿಮ್ಮೇ ಮುಂದು. ತೂಕವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಬಹುದು. ಸ್ಪ್ರಿಂಗಿನ ಎಳೆತಕ್ಕೆ ಮಿತಿ ಇದೆ. ಮೂಳೆ ಸವೆತದ ಚಿಂತೆ ಇರುವ ಹೆಂಗಸರಿಗೂ ನಾನು ಭಾರ ಎತ್ತೋದನ್ನೇ ಹೇಳುತ್ತೇನೆ, ಡಾಕ್ಟರನ್ನು ಕೇಳಿಕೊಂಡು.

ನಡಿಗೆಯ ಕೆಲಸವನ್ನು ರಿಫಾರ್ಮರ್ ಮಾಡುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ಕಾರವಾರದವರಿಗೆ ಟ್ಯಾಗೋರ್ ಕಡಲತೀರ ಇದೆ, ಫೀಸಿಲ್ಲ. ಆರೋಗ್ಯವಾಗಿರುವ ಹೊಸಬರು ಜಿಮ್ ಸೇರಲಿ. ನೋವಿನಿಂದ ಚೇತರಿಸಿಕೊಳ್ಳುತ್ತಿರುವವರು, ಒಳ್ಳೆಯ ಟ್ರೇನರ್ ಹತ್ತಿರದಲ್ಲಿದ್ದರೆ, ರಿಫಾರ್ಮರ್ ನೋಡಬಹುದು.