ನಾಲ್ಕು ಇಂಚು ಕಡಿಮೆಯಾದ ನಳಿಗೆ, ಮೂರು ಬಗೆಯ ಗುರಿಸಾಧನ

.308 ಅಳತೆಯ ತೋಟಾ ಹಾಕುವ ನನ್ನ ಬೋಲ್ಟ್ ರೈಫಲ್ ಸ್ಕೋಪ್ (ಗುರಿ ನೋಡುವ ದುರ್ಬೀನು) ಇಲ್ಲದೆ 2.9 ಕಿಲೋ ತೂಗುತ್ತದೆ. ಬೆಟ್ಟ ಹತ್ತಿ ಇಳಿಯುವ ಬೇಟೆಗಾರರಿಗೆಂದೇ ಮಾಡಿದ ಸಪೂರ ನಳಿಗೆಯ ಕೋವಿ. ಎರಡು ವರ್ಷ ಅದನ್ನು 22 ಇಂಚಿನ ನಳಿಗೆ, ಮೇಲೊಂದು ಸ್ಕೋಪ್ ಸಮೇತ ಹೊತ್ತು ತಿರುಗಿದೆ. ಪೊದೆಗಳ ನಡುವೆ ನುಸುಳುವಾಗ ನಳಿಗೆಯ ತುದಿ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದೇ ಕೈಯಲ್ಲಿ ಹಿಡಿದು ನಡೆಯೋಣವೆಂದರೆ, ತೂಕ ಸಮನಾಗಿ ನಿಲ್ಲುವ ಜಾಗದಲ್ಲೇ ಸ್ಕೋಪ್ ಕೂತಿರುತ್ತಿತ್ತು. ಆಮೇಲೆ ನಳಿಗೆಯನ್ನು 18 ಇಂಚಿಗೆ ಇಳಿಸಿ ಓಪನ್ ಸೈಟ್ (ಹಿಂದೆ ಸೀಳು, ಮುಂದೆ ಗುರುತು ಇರುವ, ಗಾಜಿಲ್ಲದ ಗುರಿಸಾಧನ) ಹಾಕಿಸಿದೆ. ಅದರಲ್ಲೂ ತೃಪ್ತಿಯಾಗದೆ ಆರು ತಿಂಗಳ ನಂತರ ರಿಸೀವರ್ (ನಳಿಗೆಯ ಹಿಂದಿನ ಲೋಹದ ಚೌಕಟ್ಟು) ಮೇಲೆ ಪೀಪ್ ಸೈಟ್ ಕೂರಿಸಿದೆ, ಅದರಲ್ಲಿ ಸೀಳಿನ ಬದಲು ಸಣ್ಣ ತೂತು. ಕೋವಿ ಒಂದೇ, ಭುಜ ಒಂದೇ, ತೋಟಾಗಳೂ ಒಂದೇ ಬಗೆಯವು. ಆದ್ದರಿಂದ ಈ ಹೋಲಿಕೆಯಲ್ಲಿ ನನಗೆ ನಂಬಿಕೆಯಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಳಿಗೆ ಎಷ್ಟು ಉದ್ದ ಇರಲೇಬೇಕು, ಕತ್ತರಿಸಲು ಯಾರ ಅನುಮತಿ ಬೇಕು ಎಂಬುದನ್ನು ಕಾನೂನು ತೀರ್ಮಾನಿಸುತ್ತದೆ. ಆ ಕಾಗದಪತ್ರ ಮುಗಿಯುವ ತನಕ ಗರಗಸದ ಮಾತೇ ಬೇಡ. ಮುಗಿದ ಮೇಲೂ ಅದು ಪರವಾನಗಿ ಇರುವ ಕುಶಲಕರ್ಮಿಯ ಕೆಲಸ. ಗುಂಡು ಕೊನೆಯದಾಗಿ ಮುಟ್ಟಿ ಹೊರಡುವುದು ನಳಿಗೆಯ ಬಾಯಿಯ ಅಂಚನ್ನು. ಆ ಅಂಚು ರಂಧ್ರಕ್ಕೆ ನೇರ ಲಂಬವಾಗಿಲ್ಲದಿದ್ದರೆ ಹಿಂದಿನಿಂದ ನುಗ್ಗುವ ಅನಿಲ ಗುಂಡಿನ ಬುಡವನ್ನು ಒಂದು ಬದಿಗೆ ತಳ್ಳುತ್ತದೆ. ಆಮೇಲೆ ಎಂಥ ಸೈಟ್ ಹಾಕಿದರೂ ಪ್ರಯೋಜನವಿಲ್ಲ.

ಕತ್ತರಿಸಿದ್ದರಿಂದ ಏನು ದಕ್ಕಿತು? ತೂಕ ಬಹಳ ಇಳಿಯುತ್ತದೆ ಎಂದುಕೊಂಡಿದ್ದೆ. ಕತ್ತರಿಸಿದ ತುಂಡನ್ನು ತಕ್ಕಡಿಗೆ ಹಾಕಿದರೆ 95 ಗ್ರಾಂ. ಅಷ್ಟು ತೆಳ್ಳಗಿನ ಉಕ್ಕಿನ ಕೊಳವೆಯಲ್ಲಿ ಇನ್ನೆಷ್ಟಿರಲು ಸಾಧ್ಯ? ಸ್ಕೋಪ್ ಮತ್ತು ಅದರ ಮೌಂಟ್ ಸೇರಿ 480 ಗ್ರಾಂ ಇದ್ದವು. ಅಂದರೆ ಕೋವಿ ಹಗುರವಾದದ್ದು ಗರಗಸದಿಂದಲ್ಲ, ಸ್ಕೋಪ್ ಬಿಚ್ಚಿದ್ದರಿಂದ. ಆದರೆ ಆ 95 ಗ್ರಾಂ ಇದ್ದದ್ದು ತುತ್ತತುದಿಯಲ್ಲಿ. ಅದು ಹೋದ ಮೇಲೆ ಸಮತೋಲದ ಬಿಂದು ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದಕ್ಕೆ ಸರಿದು ಕೋವಿ ಬೇಗನೆ ಹೆಗಲೇರತೊಡಗಿತು. ಅದೇ ಕಾರಣಕ್ಕೆ, ನಿಂತು ಗುರಿಯಿಡುವಾಗ ತುದಿ ಅಲುಗಾಡುವುದೂ ಹೆಚ್ಚಾಯಿತು. ಮುಂಭಾರವಿರುವ ನಳಿಗೆ ಎಷ್ಟು ಶಾಂತವಾಗಿ ನಿಲ್ಲುತ್ತದೆ ಎಂಬುದು ಅದನ್ನು ಕಳೆದುಕೊಂಡ ಮೇಲೆ ನನಗೆ ತಿಳಿಯಿತು.

ವೇಗದ ಬಗ್ಗೆ ಜನ ಪಡುವಷ್ಟು ಆತಂಕ ಬೇಕಿಲ್ಲ. ಅಳೆದು ನೋಡಿದಾಗ ಗುಂಡಿನ ವೇಗ ಸೆಕೆಂಡಿಗೆ 29 ಮೀಟರ್ ಇಳಿದಿತ್ತು, ಇಂಚಿಗೆ ಏಳು ಮೀಟರ್‌ನಷ್ಟು. 100 ಮೀಟರ್‌ಗೆ ಹೊಂದಿಸಿಕೊಂಡ ಕೋವಿಯಲ್ಲಿ 200 ಮೀಟರ್‌ನಲ್ಲಿ ಗುಂಡು ಕೆಳಗೆ ಬೀಳುವುದು ಇದರಿಂದ ಒಂದು ಸೆಂಟಿಮೀಟರ್ ಆಸುಪಾಸು ಹೆಚ್ಚುತ್ತದೆ, ಅಷ್ಟೇ. ಸದ್ದಿನ ಕಥೆಯೇ ಬೇರೆ. ಮದ್ದಿನ ಒತ್ತಡ ಇನ್ನೂ ಹೆಚ್ಚಿರುವಾಗಲೇ ನಳಿಗೆ ಮುಗಿದುಹೋಗುತ್ತದೆ. ಅದೂ ಈಗ ಮುಖಕ್ಕೆ ನಾಲ್ಕು ಇಂಚು ಹತ್ತಿರ. ಕಿವಿಗಾಪು ಇಲ್ಲದೆ ಒಂದು ಗುಂಡನ್ನೂ ಹಾರಿಸಬಾರದು.

ಇನ್ನು ಸೈಟ್‌ಗಳು. ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರವೇ ಇಲ್ಲಿ ಎಲ್ಲವನ್ನೂ ಆಳುತ್ತದೆ. ಕಣ್ಣು ಮಾಡುವ ಸಣ್ಣ ತಪ್ಪನ್ನು ಗುರಿಯ ದೂರದಿಂದ ಗುಣಿಸಿ ಆ ಅಂತರದಿಂದ ಭಾಗಿಸಿದರೆ ಗುಂಡು ಎಷ್ಟು ತಪ್ಪುತ್ತದೆಂದು ಸಿಗುತ್ತದೆ. ನಳಿಗೆಯ ಮೇಲೇ ಕೂರಿಸಿದ ಓಪನ್ ಸೈಟ್‌ನಲ್ಲಿ ಆ ಅಂತರ 350 ಮಿಲಿಮೀಟರ್. ಕಾಲು ಮಿಲಿಮೀಟರ್ ತಪ್ಪಿದರೆ 100 ಮೀಟರ್‌ನಲ್ಲಿ ಏಳು ಸೆಂಟಿಮೀಟರ್ ಆಚೀಚೆ. ನಳಿಗೆಯನ್ನು ಕತ್ತರಿಸದೆ 22 ಇಂಚಿನಲ್ಲೇ ಬಿಟ್ಟಿದ್ದರೆ ಅದು ಐದೂವರೆ ಆಗುತ್ತಿತ್ತು. ಪೀಪ್ ಸೈಟ್ ರಿಸೀವರ್‌ನ ಹಿಂತುದಿಯಲ್ಲಿ, ಕಣ್ಣಿಗೆ ಹತ್ತಿರ ಕೂರುವುದರಿಂದ ಅಂತರ 610 ಮಿಲಿಮೀಟರ್‌ಗೆ ಏರಿತು, ತಪ್ಪು ನಾಲ್ಕು ಸೆಂಟಿಮೀಟರ್‌ಗೆ ಇಳಿಯಿತು. ಗಿಡ್ಡ ನಳಿಗೆಯ ಪೀಪ್ ಸೈಟ್, ಉದ್ದ ನಳಿಗೆಯ ಓಪನ್ ಸೈಟ್‌ಗಿಂತ ಮೇಲು! ನಳಿಗೆ ಗಿಡ್ಡವಾದರೆ ಗುರಿ ಕೆಡುತ್ತದೆ ಎಂದು ಹೆದರುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಕಾಗದದ ಲೆಕ್ಕ ಗುರಿಹಲಗೆಯ ಮೇಲೂ ನಿಜವಾಯಿತು. ಕೂತು, ಮೂಟೆಯ ಮೇಲೆ ಕೋವಿಯಿಟ್ಟು 100 ಮೀಟರ್‌ಗೆ ಐದೈದು ಗುಂಡು ಹಾರಿಸಿದೆ. ಸ್ಕೋಪ್‌ನಲ್ಲಿ ಗುಂಡುಗಳು ನಾಲ್ಕು ಸೆಂಟಿಮೀಟರ್ ಒಳಗೆ ಬೀಳುತ್ತಿದ್ದವು. ಓಪನ್ ಸೈಟ್‌ನಲ್ಲಿ ಹನ್ನೆರಡು, ಕಣ್ಣು ದಣಿದ ದಿನ ಹದಿನೈದು. ಪೀಪ್‌ನಲ್ಲಿ ಏಳು. ನನಗೆ ನಲವತ್ತೇಳು ವರ್ಷ. ಹಿಂದಿನ ಸೈಟ್‌ನ ಸೀಳು, ಮುಂದಿನ ಸೈಟ್, ಗುರಿ ಈ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಯಾವ ವಯಸ್ಸಿನ ಕಣ್ಣಿಗೂ ಆಗದ ಕೆಲಸ, ನನ್ನ ಕಣ್ಣಿಗಂತೂ ಆ ಸೀಳು ಬರೀ ಮಬ್ಬು. ಪೀಪ್‌ನಲ್ಲಿ ಹಿಂದಿನದನ್ನು ನೋಡುವ ಅಗತ್ಯವೇ ಇಲ್ಲ. ತೂತಿನ ಮೂಲಕ ನೋಡಿದರಾಯಿತು, ಅದರ ನಡುವನ್ನು ಕಣ್ಣು ತಾನಾಗಿ ಹುಡುಕಿಕೊಳ್ಳುತ್ತದೆ. ಸಣ್ಣ ತೂತಿನಿಂದಾಗಿ ಮುಂದಿನ ಸೈಟೂ ಗುರಿಯೂ ಎರಡೂ ಚೂಪಾಗುತ್ತವೆ. ನಡುವಯಸ್ಸು ದಾಟಿದವರು ಕನ್ನಡಕದ ಅಂಗಡಿಗೆ ಹೋಗುವ ಮೊದಲು ಒಮ್ಮೆ ಇದರಲ್ಲಿ ನೋಡಲಿ.

ಮುಂದಿನ ಸೈಟ್ ನನ್ನನ್ನು ಹೆಚ್ಚು ಕಾಡಿತು. ಮೊದಲ ಕುಶಲಕರ್ಮಿ ಅದನ್ನು ಬಳೆಯಂತೆ ನಳಿಗೆಗೆ ತೊಡಿಸಿ ಬರೀ ತಿರುಪಿನಿಂದ ಬಿಗಿದಿದ್ದರು. ನಲವತ್ತು ಗುಂಡು ಮುಗಿಯುವಷ್ಟರಲ್ಲಿ ಅದು ಒಂದು ಬದಿಗೆ ವಾಲಿತು. ಈ ನಳಿಗೆಯ ಗೋಡೆ ತುದಿಯಲ್ಲಿ ಸುಮಾರು ಮೂರೂವರೆ ಮಿಲಿಮೀಟರ್ ಮಾತ್ರ. ಅದರಲ್ಲಿ ಆಳವಾಗಿ ತೂತು ಕೊರೆಯುವ ಧೈರ್ಯ ನನಗಿರಲಿಲ್ಲ. ಬೇರೆಯವರ ಬಳಿ ಕಡಿಮೆ ಬಿಸಿಯ ಮೆದು ಬೆಸುಗೆ ಹಾಕಿಸಿದೆ, ಅಂದಿನಿಂದ ಅಲುಗಿಲ್ಲ. ಎತ್ತರವೂ ಮೊದಲ ಸಲ ತಪ್ಪಿತ್ತು. ಹಿಂದಿನ ಸೈಟನ್ನು ಪೂರ್ತಿ ಇಳಿಸಿದರೂ ಗುಂಡು 14 ಸೆಂಟಿಮೀಟರ್ ಮೇಲೆ ಬೀಳುತ್ತಿತ್ತು. ಗುಂಡು ಮೇಲೆ ಬಿದ್ದರೆ ಮುಂದಿನ ಸೈಟನ್ನು ಎತ್ತರಿಸಬೇಕು, ಎಷ್ಟು ಎಂಬುದಕ್ಕೆ ಮೇಲಿನ ಲೆಕ್ಕವನ್ನೇ ತಿರುಗಿಸಿ ಮಾಡಿದರೆ ಅರ್ಧ ಮಿಲಿಮೀಟರ್ ಎಂದು ಬಂತು. ಹಾಗೇ ಮಾಡಿಸಿದೆ, ಸರಿಹೋಯಿತು. ಪೀಪ್ ಬಂದಾಗ ಎತ್ತರ ಮತ್ತೆ ಬದಲಾಯಿತು. ಆದ್ದರಿಂದ ಯಾವ ಹಿಂದಿನ ಸೈಟ್ ಎಂದು ಮೊದಲು ತೀರ್ಮಾನಿಸಿ. ಮುಂದಿನದನ್ನು ಬದಲಾಯಿಸಬಹುದಾದ ಅಲಗಿನದನ್ನೇ (ಅಲಗೆಂದರೆ ಗುರಿಗೆ ಹೊಂದಿಸುವ, ನೆಟ್ಟಗೆ ನಿಂತ ತೆಳು ಪಟ್ಟಿ) ತೆಗೆದುಕೊಳ್ಳಿ, ಬೇಕಾದದ್ದಕ್ಕಿಂತ ಎತ್ತರದ್ದನ್ನು. ಅರದಿಂದ ಉಜ್ಜಿ ಇಳಿಸಬಹುದು, ಬೆಳೆಸಲು ಬರುವುದಿಲ್ಲ.

ಮುಂದಿನ ಸೈಟ್‌ಗೆ ಅಲಗಿನ ಬದಲು ಹಿತ್ತಾಳೆಯ ಮಣಿ ಇದ್ದರೆ ಚೆಂದ ಕಾಣುತ್ತದೆ, ಮಬ್ಬಿನಲ್ಲಿ ಬೇಗ ಸಿಗುತ್ತದೆ. ಆದರೆ ಬಿಸಿಲು ಎಡದಿಂದ ಬಂದರೆ ಮಣಿಯ ಎಡಭಾಗ ಮಾತ್ರ ಹೊಳೆಯುತ್ತದೆ, ಕಣ್ಣು ಆ ಹೊಳಪನ್ನೇ ನಡುವೆಂದು ತಿಳಿಯುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಒಂದು ಸಂಜೆಯಿಡೀ ಹೀಗೆ ಬಲಕ್ಕೆ ಹೊಡೆದು ಕೋವಿಯನ್ನು ದೂರಿದ್ದೇನೆ. ಚಪ್ಪಟೆ ತಲೆಯ ಕಪ್ಪು ಅಲಗಿನಲ್ಲಿ ಈ ಮೋಸವಿಲ್ಲ.

ಸ್ಕೋಪ್ ಗೆಲ್ಲುವ ಕಡೆ ನಿಸ್ಸಂದೇಹವಾಗಿ ಗೆಲ್ಲುತ್ತದೆ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಪೀಪ್‌ನಲ್ಲಿ ಬರೀ ಕತ್ತಲೆ. ಸಣ್ಣ ತೂತಿರುವ ತಟ್ಟೆಯನ್ನು ಬಿಚ್ಚಿ ಅದರ ಹಿಂದಿನ ದೊಡ್ಡ ತೂತಿನಲ್ಲಿ ನೋಡಿದರೆ ಹತ್ತು ನಿಮಿಷ ಹೆಚ್ಚು ಸಿಗಬಹುದು. 150 ಮೀಟರ್ ದಾಟಿದರೆ ಪೀಪ್‌ನ ಮೇಲೆ ಭರವಸೆಯಿಟ್ಟು ಪ್ರಾಣಿಯ ಮೇಲೆ ಗುಂಡು ಹಾರಿಸಲು ನನಗೆ ಮನಸ್ಸೊಪ್ಪುವುದಿಲ್ಲ, ಅಲಗು ಅದರ ಎದೆಯನ್ನೇ ಮುಚ್ಚಿಬಿಡುತ್ತದೆ. ಗಾಯಗೊಂಡು ಓಡಿಹೋಗುವ ಜೀವಕ್ಕಿಂತ ಹಾರಿಸದೆ ಉಳಿದ ಗುಂಡು ಮೇಲು. ಮಳೆಯಲ್ಲಿ ಮಾತ್ರ ಪೀಪ್‌ಗೆ ಸಾಟಿಯಿಲ್ಲ: ಹನಿ ಕೂತರೆ ಒಮ್ಮೆ ಊದಿದರೆ ಸಾಕು.

ಬಯಲು ಪ್ರದೇಶದವರು ಸ್ಕೋಪ್ ಬಿಡಬೇಡಿ, ನಳಿಗೆಯನ್ನೂ ಮುಟ್ಟಬೇಡಿ. ದಟ್ಟ ಪೊದೆಯಲ್ಲಿ, ನೂರು ಮೀಟರ್‌ಗಿಂತ ಕಡಿಮೆ ದೂರದಲ್ಲಿ ಓಡಾಡುವವರಿಗೆ 20 ಇಂಚು ಮತ್ತು ಪೀಪ್ ಸಾಕೆಂದು ಈಗ ಅನ್ನಿಸುತ್ತದೆ. ನಾನು ಎರಡು ಇಂಚು ಹೆಚ್ಚೇ ಕತ್ತರಿಸಿದೆ, ಆ ಎರಡು ಇಂಚಿನ ಮುಂಭಾರ ಇದ್ದಿದ್ದರೆ ನಿಂತು ಹೊಡೆಯುವ ಗುಂಡುಗಳು ಇನ್ನಷ್ಟು ಒತ್ತಾಗುತ್ತಿದ್ದವು. ಕೋವಿಯ ಬುಡದ, ಅಂದರೆ ಹೆಗಲಿಗೆ ಆನಿಸುವ ಹಿಂಭಾಗದ ಬಗ್ಗೆಯೂ ಯೋಚಿಸಿ. ಸ್ಕೋಪ್‌ಗೆಂದು ಎತ್ತರಿಸಿದ ಬುಡದ ಮೇಲೆ ಕೆನ್ನೆಯಿಟ್ಟರೆ ಕಣ್ಣು ಓಪನ್ ಸೈಟ್‌ಗಿಂತ ಮೇಲೇ ನಿಲ್ಲುತ್ತದೆ, ಪ್ರತಿ ಸಲವೂ ಮುಖವನ್ನು ಒತ್ತಿ ಇಳಿಸಬೇಕಾಗುತ್ತದೆ. ಕೆನ್ನೆ ತಾಗುವ ಭಾಗವನ್ನು ಆರು ಮಿಲಿಮೀಟರ್ ತಗ್ಗಿಸಿಕೊಂಡ ಮೇಲೆ, ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆದರೆ ಅಲಗು ತೂತಿನ ನಡುವೆಯೇ ನಿಂತಿರುತ್ತದೆ.